ಕತ್ತರಿಸಬೇ…

ಅಕ್ಕ ಹೊಲಿಗೆ ಕಲಿಸುವುದು ಮನೆಯ ಮುಂದಿನ ಕೋಣೆಯಿಂದ, ಲ್ಯಾಪ್‌ಟಾಪಿನ ಮುಂದೆ ನಿಂತು. ಕಳೆದ ಪಾಠದಲ್ಲಿ ಕಂಕುಳ ಹತ್ತಿರದ ಗೆರೆ ತೋರಿಸಿ, "ಇಲ್ಲಿ ಮಾತ್ರ ಕತ್ತರಿಸಬೇಡಿ" ಎಂದಳು. ಇಂಟರ್‌ನೆಟ್ "ಕತ್ತರಿಸಬೇ" ವರೆಗೆ ತಲುಪಿಸಿ ನಿಂತುಬಿಟ್ಟಿತು. ಉಳಿದ ಜಾಗದಲ್ಲಿ ವಿದ್ಯಾರ್ಥಿನಿಯರು ತಾವೇ ಒಂದು "ಕು" ತುಂಬಿಕೊಂಡರು. ಚಿತ್ರ ಮತ್ತೆ ಅಲುಗಾಡುವಷ್ಟರಲ್ಲಿ ತರಗತಿಗೆ ತರಗತಿಯೇ ಅಲ್ಲಿ ಮಾತ್ರ ಕತ್ತರಿಸಿ, ಶಹಬ್ಬಾಸ್‌ಗಿರಿಗೆ ಕಾಯುತ್ತಿತ್ತು.

"ಅದು ಹಳೇ ಬೆಡ್‌ಶೀಟು, ಹೋಗ್ಲಿ," ಎಂದಳು ಅಕ್ಕ. "ಮುಂದಿನ ಪಾಠ ಅವರವರ ಕೋಟಿನ ಬಟ್ಟೆ ಮೇಲೆ ಕಣೋ. ಮತ್ತೆ ಹೀಗಾದ್ರೆ ಯಾವ ಮುಖ ಇಟ್ಕೊಂಡು ಕಲಿಸ್ಲಿ? ಕ್ಲಾಸೇ ನಿಲ್ಲಿಸಿಬಿಡ್ತೀನಿ. ಒಂದು ಒಳ್ಳೆ ರೌಟರ್ ನೋಡು."

ಕಾರಣ ನನಗೆ ಗೊತ್ತಿತ್ತು, ಗೊತ್ತಿದೆ ಎಂದುಕೊಂಡಿದ್ದೆ. ಭಾವನ ಫೋನು ಅವರು ತೆಗೆದ ವಿಡಿಯೊಗಳನ್ನೆಲ್ಲ ಅದೇ ಹೊತ್ತಿಗೆ ಹೊರಗೆ ಕಳಿಸುತ್ತಿತ್ತು. ಅವುಗಳ ಹಿಂದೆ, ಸಾಲಿನ ಕೊನೆಯಲ್ಲಿ, ಅಕ್ಕನ "ಡಿ" ನಿಂತಿತ್ತು. ಫೋನು ಆರಿಸಿ ಎಂದು ಅಕ್ಕ ಹೇಳಿಯೂ ನೋಡಿದ್ದಳು. ಭಾವ ಆರಿಸಿದ್ದು ಪರದೆಯನ್ನು ಮಾತ್ರ. ನಾವೇ ತಿದ್ದಿಕೊಳ್ಳಬಹುದಾದ ಮುಕ್ತ ತಂತ್ರಾಂಶ ಹಾಕಿದ ರೌಟರಾದರೆ, ಮಾತಿಗೆ ಮೊದಲು ದಾರಿ ಬಿಡು ಎಂದು ಅದಕ್ಕೆ ಹೇಳಿಕೊಡಬಹುದು. ಆದರೆ ನಮ್ಮದು ವೇಗದ ಲೈನು. ಆ ವೇಗದಲ್ಲಿ ಸಾಲು ನಿಭಾಯಿಸಲು ಪ್ರೊಸೆಸರ್ ಗಟ್ಟಿಯಿರಬೇಕು. ನಮ್ಮ ಹಳೆಯ ರೌಟರು ಏದುಸಿರು ಬಿಡುತ್ತಿತ್ತು.

ಅಂಗಡಿಗೆ ಭಾವನೂ ಬಂದರು. ಅಂಗಡಿಯವನು ಎಂಟು ಆಂಟೆನಾಗಳ ಕಪ್ಪು ಯಂತ್ರವೊಂದನ್ನು ತಂದಿಟ್ಟ. ಅಂಗಾತ ಬಿದ್ದ ಜೇಡನ ಹಾಗಿತ್ತು.

"ಇದರೊಳಗಿನ ಚಿಪ್ ಯಾವುದು?" ಎಂದೆ.

"ಆಂಟೆನಾ ಎಂಟಿವೆ ಸರ್."

"ಅಲ್ಲ, ಚಿಪ್?"

"ಲೈಟೂ ಇದೆ ಸರ್. ಬಣ್ಣ ಬದಲಾಯಿಸುತ್ತೆ."

ನಾನು ತಿರುವಿ ತಳದ ಚೀಟಿಯಲ್ಲಿ ಮಾದರಿಯ ಹೆಸರು ಓದಿದೆ. ಅದರ ಚಿಪ್ಪಿನ ಒಳಗುಟ್ಟನ್ನು ತಯಾರಕರು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಮುಕ್ತ ತಂತ್ರಾಂಶ ಅದರಲ್ಲಿ ಕುಂಟುತ್ತದೆ. ಮೂಲೆಯಲ್ಲಿದ್ದ ಅಂಗೈಯಗಲದ ಪೆಟ್ಟಿಗೆಯೊಂದನ್ನು ಕೇಳಿದೆ: ಗಟ್ಟಿ ಪ್ರೊಸೆಸರ್, ತಂತಿ ಸಿಕ್ಕಿಸಲು ಎರಡು ಕಿಂಡಿ, ಅಷ್ಟೇ.

"ಇದಕ್ಕೆ ಕೊಂಬೇ ಇಲ್ಲವಲ್ಲೋ ಮಹಾರಾಯ!" ಎಂದರು ಭಾವ.

"ಇದು ಸಾಲು ನೋಡ್ಕೊಳ್ಳುತ್ತೆ ಭಾವ. ವೈಫೈಗೆ ಹಳೇದೇ ಸಾಕು."

"ಅಂದ್ರೆ ಹಳೇದೂ ಬೇಕು, ಹೊಸದೂ ಬೇಕು. ನಿನಗೆ ಹೆಣ್ಣು ಹುಡುಕೋರು ಪುಣ್ಯವಂತರು ಬಿಡು."

ದಾರಿಯಲ್ಲಿ ಪೆಟ್ಟಿಗೆ ಬಿಚ್ಚಿ ಕಿಂಡಿ ಎರಡಿವೆಯೇ ಎಂದು ನೋಡಿದೆ. ಇದ್ದವು. ಮನೆ ತಲುಪಿದ ಮೇಲೆ ನೋಡಿದೆ, ಆಗಲೂ ಇದ್ದವು.

ತಂತ್ರಾಂಶ ಹಾಕಿದೆ, ಸಾಲಿನ ನಿಯಮ ಬರೆದೆ, ಅಳಿಸಿದೆ, ಅದನ್ನೇ ಮತ್ತೆ ಬರೆದೆ. ಪಾಠ ಶುರುವಾಗುವ ಮೊದಲು ಭಾವನಿಗೆ, "ಇರೋ ವಿಡಿಯೊ ಎಲ್ಲಾ ಕಳಿಸಿಬಿಡಿ" ಎಂದೆ. ಈ ಮನೆಯಲ್ಲಿ ಅವರನ್ನು ಯಾರೂ ಹೀಗೆ ಕೇಳಿದ್ದಿಲ್ಲ; ಹಿಗ್ಗಿಹೋದರು. ಆಮೇಲೆ ಹೊಳೆಯಿತು. ಪರೀಕ್ಷೆ ಮಾಡಲು ಬೇರೆಯವರ ಕೋಟೇ ಸಿಕ್ಕಿತೇ ನನಗೆ? ಬೇಡ ಎನ್ನಲು ಹೋಗುವಷ್ಟರಲ್ಲಿ ಅವರು ಒತ್ತಿಯಾಗಿತ್ತು.

ಬಾಗಿಲ ಸಂದಿನಲ್ಲಿ ನಿಂತೆ. ಅಕ್ಕ ಸೀಮೆಸುಣ್ಣದ ಗೆರೆ ತೋರಿಸಿದಳು.

"ಇಲ್ಲಿ ಮಾತ್ರ ಕತ್ತರಿಸಬೇ…"

ನಿಂತಿತು. ಪೆಟ್ಟಿಗೆಯತ್ತ ನೋಡಿದೆ, ದೀಪ ತನ್ನ ಪಾಡಿಗೆ ಮಿನುಗುತ್ತಿತ್ತು. ಅಕ್ಕನತ್ತ ನೋಡಿದೆ, ಕಣ್ಣು ಮುಚ್ಚಿತ್ತು, ಮೂಗು ಮೇಲಿತ್ತು.

"ಆಕ್ಷೀ!"

ಪರದೆಯ ತುಂಬ ಬಾಯಿ ತೆರೆದ ಕತ್ತರಿಗಳು. ಒಂದೂ ಅಲುಗಲಿಲ್ಲ.

"ಮೇಡಂ, ಬೇಕಾ, ಬೇಡ್ವಾ?" ಎಂದಳೊಬ್ಬಳು. ಅವಳ ಮನೆಯ ಹೊರಗೆ ಹೋದ ಬಸ್ಸಿನ ಹಾರನ್ನೂ ಸ್ಪಷ್ಟವಾಗಿ ಕೇಳಿಸಿತು.

"ಡಿ!" ಎಂದಳು ಅಕ್ಕ, ಮೂಗೊರೆಸಿಕೊಳ್ಳುತ್ತಾ.

ಕತ್ತರಿಗಳೆಲ್ಲ ಬಟ್ಟೆ ಬಿಟ್ಟು ಒಟ್ಟಿಗೆ ಕೆಳಗಿಳಿದವು.

"ಕೋಟು ಉಳೀತು. ಮುಂದಿನ ವಾರ ಕಾಲರ್ರು," ಎಂದು ಅವಳು ಟೇಪು ಕೊರಳಿಗೆ ಹಾಕಿಕೊಂಡಳು. ಒಳಗಿನಿಂದ ಭಾವ ಕೂಗಿದರು: "ವಿಡಿಯೊ ಎಲ್ಲಾ ಹೋಯ್ತು ಕಣೋ! ಇನ್ನೊಂದಷ್ಟು ತೆಗೀಲಾ?"