ಅಚ್ಯುತರ ಮೇಲೊಂದು ಮಾಸ್ಕು

ಶೇಷಾದ್ರಿಗೆ ಒಂದು ಸಾಲು ಪ್ರೋಗ್ರಾಮು ಬರೆಯಲು ಬರುತ್ತಿರಲಿಲ್ಲ. ಮೈಸೂರಿನಿಂದ ಅವನು ತಂದದ್ದು ಒಂದು ಎಂಬಿಎ, ಒಂದು ಬಾಯಿ. ರೆಡ್‌ವುಡ್ ಸಿಟಿಯಲ್ಲಿ ಹನ್ನೊಂದು ಜನರಿದ್ದ ನಮ್ಮ ಡಾಟ್‌ಕಾಮ್ ಕಂಪನಿಯಲ್ಲಿ ಕೆಲಸವೆಲ್ಲ ಅವನ ಪಾಲುದಾರ ಅಚ್ಯುತರದು, ಮಾತೆಲ್ಲ ಇವನದು. ಎರಡು ಸಾವಿರದ ಇಸವಿಯಲ್ಲಿ ಹೂಡಿಕೆದಾರರು ದುಡ್ಡು ಸುರಿದದ್ದೇ ತಡ, ಕ್ಯುಪರ್ಟಿನೋದಲ್ಲಿ ಮನೆ ಬಂತು, ಆಫೀಸಿನೊಳಗೂ ತಂಪು ಕನ್ನಡಕ ಬಂತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ.

ನಾನು ಅಲ್ಲಿ ಡಿಸೈನರ್. ಸ್ಯಾನ್ ಹೋಸೆಯ ಪ್ರದರ್ಶನದಲ್ಲಿ ನಮ್ಮ ಮಳಿಗೆಯ ಗೋಡೆ ತುಂಬುವಂಥ ಪೋಸ್ಟರ್ ಒಂದನ್ನು ಕಂಪ್ಯೂಟರಿನಲ್ಲಿ ಬರೆದಿದ್ದೆ: ಕಂಪನಿ ಕಟ್ಟಿದ ಇಬ್ಬರು, ಶೇಷಾದ್ರಿಯ ಹೆಗಲ ಮೇಲೆ ಅಚ್ಯುತರ ಕೈ. ಪ್ರದರ್ಶನಕ್ಕೆ ಒಂಬತ್ತು ದಿನವಿರುವಾಗ ಶೇಷಾದ್ರಿ ಹೂಡಿಕೆದಾರರ ಕಿವಿಯೂದಿ ಅಚ್ಯುತರನ್ನು ಹೊರಗೆ ಹಾಕಿಸಿದ. ಆಮೇಲೆ ನೇರ ನನ್ನ ಮೇಜಿಗೆ ಬಂದ.

“ಪದ್ಮಜಾ, ಇವನನ್ನ ತೆಗ್ದುಬಿಡಮ್ಮ. ಕಟ್ ಮಾಡಿದ್ ಹಾಗೆ ಕಾಣ್ಬಾರ್ದು. ಗ್ರೇಸ್‌ಫುಲ್ಲಾಗಿ ಫೇಡ್ ಆಗ್ಲಿ.”

ಎರಡು ವರ್ಷ ಒಂದೇ ಪಿಟ್ಜಾ ಹಂಚಿಕೊಂಡು ತಿಂದವರು ಗ್ರೇಸ್‌ಫುಲ್ಲಾಗಿ ಫೇಡ್ ಆಗಬೇಕಂತೆ! ನನಗೆ ಫ್ರೀವೇ ಮೇಲೆ ಕಾರು ಓಡಿಸಲು ಕಲಿಸಿದವರು ಅಚ್ಯುತರು. ಆದರೆ ನನ್ನ ವೀಸಾ ಈ ಶೇಷಾದ್ರಿಯ ಸಹಿಯ ಮೇಲೆ ನಿಂತಿತ್ತು.

ಅಚ್ಯುತರ ಮೇಲೆ ಮಾಸ್ಕು ಹಾಕಿದೆ. ಅದು ಬಿಳಿಯಿಂದ ಕಪ್ಪಿಗೆ ನಿಧಾನವಾಗಿ ತಿರುಗುವ ಒಂದು ಪದರ. ಬಿಳಿ ಇದ್ದಲ್ಲಿ ಚಿತ್ರ ಕಾಣುತ್ತದೆ, ಕಪ್ಪು ಇದ್ದಲ್ಲಿ ಕಾಣುವುದಿಲ್ಲ, ನಡುವೆ ಮಂಜು ಮಂಜು. ಮುಖ ಹೋಯಿತು, ಹೆಗಲ ಮೇಲಿನ ಕೈ ಹೋಯಿತು, ಬೂಟು ಹೊಗೆಯಾಯಿತು. ಆದರೆ ಮಾಸ್ಕು ಏನನ್ನೂ ಅಳಿಸುವುದಿಲ್ಲ. ಅದರ ಅಡಿಯಲ್ಲಿ ಮನುಷ್ಯ ಇಡಿಯಾಗಿಯೇ ಇರುತ್ತಾನೆ.

“ಸರ್, ಇದು ಹೊಸ ಸಾಫ್ಟ್‌ವೇರು. ಹಳೇ ಪ್ರಿಂಟಿಂಗ್ ಮೆಷೀನುಗಳಿಗೆ ಮಾಸ್ಕ್ ಅರ್ಥ ಆಗಲ್ಲ. ನಾಳೆ ಎಲ್ಲಾ ಲೇಯರೂ ಒಂದು ಮಾಡಿ ಕೊಡ್ತೀನಿ,” ಎಂದೆ.

“ಪ್ರಿಂಟಿಂಗ್ ಬಗ್ಗೆ ನಂಗೇ ಹೇಳ್ಕೊಡ್ತೀಯಾ?” ಎಂದು ಫೈಲನ್ನು ಸಿಡಿಗೆ ಹಾಕಿಸಿಕೊಂಡು ಹೊರಟೇಬಿಟ್ಟ. ಅಗ್ಗ ಎಂದು ಗಿಲ್‌ರಾಯ್‌ವರೆಗೆ ಹೋಗಿ, ಆ ಊರಿನ ಬೆಳ್ಳುಳ್ಳಿ ಅಂಗಡಿಗಳಿಗೆ ಹಳೇ ಮೆಷೀನಿನಲ್ಲಿ ಬ್ಯಾನರ್ ಹೊಡೆಯುವವನ ಕೈಗೆ ಕೊಟ್ಟು ಬಂದ, ಮಹಾಶಯ. ಸುತ್ತಿ ಕೊಟ್ಟ ಪೋಸ್ಟರನ್ನು ಬಿಚ್ಚಿ ನೋಡುವ ವ್ಯವಧಾನವೂ ಅವನಿಗಿರಲಿಲ್ಲ.

ಪ್ರದರ್ಶನದ ಬೆಳಗ್ಗೆ ಹೂಡಿಕೆದಾರರ ಎದುರಿಗೇ ಅದನ್ನು ಬಿಚ್ಚಿದ. ಮಂಜೂ ಇಲ್ಲ, ಹೊಗೆಯೂ ಇಲ್ಲ. ತಲೆಯಿಂದ ಬೂಟಿನವರೆಗೆ ಎಂಟಡಿ ಎತ್ತರ ಅಚ್ಯುತರು ನಿಂತಿದ್ದರು, ಕೈ ಹೆಗಲ ಮೇಲೆಯೇ ಇತ್ತು. ಬೇರೆ ಪೋಸ್ಟರ್ ಇರಲಿಲ್ಲ, ಗೋಡೆಯನ್ನು ಬೋಳು ಬಿಡುವಂತೆಯೂ ಇರಲಿಲ್ಲ. ಶೇಷಾದ್ರಿ ದಿನವಿಡೀ ಅವರ ಮುಖಕ್ಕೆ ಅಡ್ಡ ನಿಲ್ಲಲು ನೋಡಿದ, ಎತ್ತರ ಸಾಲಲಿಲ್ಲ. ನನಗೆ ಹೊಟ್ಟೆ ತುಂಬ ಖುಷಿಯಾಯಿತು.

ಮಧ್ಯಾಹ್ನ ಅಚ್ಯುತರೇ ಬಂದರು. ಜನರ ಹಿಂದೆ ನಿಂತು ಬಹಳ ಹೊತ್ತು ಪೋಸ್ಟರ್ ನೋಡಿದರು. ನನ್ನ ಹತ್ತಿರ ಬಂದಾಗ ಕಣ್ಣು ಒದ್ದೆಯಾಗಿತ್ತು.

“ಆಫೀಸಿಂದ ಒಬ್ರೂ ಒಂದು ಫೋನ್ ಮಾಡ್ಲಿಲ್ಲ ಪದ್ಮಜಾ. ನನ್ನ ತೆಗೀರಿ ಅಂತ ಅವ್ನು ಹೇಳೇ ಇರ್ತಾನೆ, ನಂಗೊತ್ತು. ನೀವೊಬ್ರೇ ತೆಗೀಲಿಲ್ಲ.”

ತೆಗೆದದ್ದು ನಾನೇ, ಉಳಿಸಿದ್ದು ಗಿಲ್‌ರಾಯ್‌ನ ಹಳೆಯ ಮೆಷೀನು ಎಂದು ಹೇಳಬೇಕಿತ್ತು. ಶೇಷಾದ್ರಿಯನ್ನು ಕಂಡಾಗ ಬರುವ ಹೇಸಿಗೆಯೇ ಈಗ ನನ್ನ ಮೇಲೆ ನನಗೆ ಬಂತು.

“ಅಷ್ಟಾದ್ರೂ ಮಾಡ್ಬೇಡ್ವಾ ಸರ್?” ಎಂದೆ.