ಮೋಟಾರಿಗೆ ಎಣ್ಣೆಸ್ನಾನ

ಸೇಲಂನಿಂದ ಮೋಟಾರ್ ಸೈಕಲ್ಲು ಮನೆಗೆ ಬಂದ ದಿನ ಪಾಪಮ್ಮ ಅದನ್ನು ಮೂರು ಸುತ್ತು ಸುತ್ತಿ ನೋಡಿ, "ಇದೇನ್ಲಾ, ಇಷ್ಟು ಬಡಕಲು?" ಅಂದಳು.

ಓಡಿಸಿಕೊಂಡು ಬಂದವನು ಮಗ ಮಾರಿಯಪ್ಪ. ಹಿಂದೆ ಅವನ ಸೊಂಟ ಅವುಚಿಕೊಂಡು, ಇಪ್ಪತ್ತು ಮೈಲಿಯೂ ಕಣ್ಣು ಮುಚ್ಚಿಕೊಂಡೇ ಬಂದವನು ಮೈದುನ ಮುತ್ತುಸ್ವಾಮಿ. ಮೇಚೇರಿ ಸುತ್ತಮುತ್ತ ಕುರಿ ಆರಿಸುವುದರಲ್ಲಿ ಅವನನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಅವನು ಬಾಯಿ ಬಿಡಿಸಿ ಹಲ್ಲು ನೋಡದ ಟಗರನ್ನು ಸಂತೆಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಕುರಿ ಆರಿಸುವವನು ಮೋಟಾರು ಆರಿಸಲಾರನೇ ಅಂತ ಮನೆಯವರೆಲ್ಲ ಸೇರಿ ಅವನನ್ನೇ ಕಳಿಸಿದ್ದರು.

"ಬಡಕಲಲ್ಲ ಅತ್ತಿಗೆ, ಒಳ್ಳೆ ಓಟದ ಜಾತಿ," ಅಂದ ಮುತ್ತುಸ್ವಾಮಿ ಧೂಳು ಕೊಡವುತ್ತಾ. "ಶೆವ್ವಾಪೇಟೆ ಗೋವಿಂದನ್ ಅಂಗಡೀಲಿ ಹಳೇವು ಎರಡು ನಿಂತಿದ್ವು. ಒಂದು ಮಿರಮಿರ ಅಂತಿತ್ತು, ದಪ್ಪಕೆ, ಕಬ್ಬಿಣದ ಸರಪಣೀದು. ಬೆನ್ನು ಅಮುಕಿ ನೋಡ್ದೆ, ಕಾಲು ನೋಡ್ದೆ, ಕಿವಿ ಇಟ್ಟು ಉಸುರು ಕೇಳ್ದೆ. ಕೆಮ್ಮು ಐತೆ ಅದಕ್ಕೆ."

"ಅವ್ವಾ, ಚಿಕ್ಕಪ್ಪ ಮುಂದಿನ ದೀಪದ ಗಾಜು ಬಿಚ್ಚು, ಒಳಗೆ ನೋಡ್ಬೇಕು ಅಂದ. ಅಂಗಡಿಯೋನು ಹೆದ್ರಿ ಎರಡು ಹೆಜ್ಜೆ ಹಿಂದಕ್ಕೆ ಓದ," ಅಂತ ಮಾರಿಯಪ್ಪ ನಕ್ಕ.

"ನಗು, ನಗು. ಸರಪಣಿ ಹರಿದ್ರೆ ನೀನು ಅದನ್ನ ಹೊತ್ಕೊಂಡು ಸೇಲಂಗೆ ಓಗ್ಬೇಕು. ಇದಕ್ಕೆ ನೋಡು, ತೊಗಲು ಪಟ್ಟಿ. ಹರಿದ್ರೆ ನಮ್ಮೂರಲ್ಲೇ ಹೊಲಿಸ್ಕೋಬೋದು. ತೊಗಲು ನಮಗೆ ತಿಳೀತದೆ. ಕಬ್ಬಿಣ ಏನು ತಿಳೀತದೆ?"

ಪಾಪಮ್ಮ ಬಗ್ಗಿ ನೋಡಿದಳು. ಹೊಟ್ಟೆಯ ಹತ್ತಿರದ ಸಣ್ಣ ಗಾಲಿಯಿಂದ ಹಿಂದಿನ ದೊಡ್ಡ ಚಕ್ರಕ್ಕೆ ತೊಗಲಿನ ಪಟ್ಟಿಯೊಂದು ಬಿಗಿಯಾಗಿ ಸುತ್ತಿತ್ತು. ಸಣ್ಣದು ತಿರುಗಿದರೆ ಪಟ್ಟಿ ದೊಡ್ಡದನ್ನು ಎಳೆಯುತ್ತದೆ. ಅಷ್ಟು ಅವಳಿಗೂ ತಿಳಿಯಿತು.

ಈ ಮೋಟಾರು ಷೋಕಿಗೆ ತಂದದ್ದಲ್ಲ. ಮೆಟ್ಟೂರು ಅಣೆಕಟ್ಟು ಕಟ್ಟುವ ಕೂಲಿಯಲ್ಲಿದ್ದಾಗ ಕಲ್ಲು ಜಾರಿ ಮೇಲೆ ಬಿದ್ದಂದಿನಿಂದ ಮಾರಿಯಪ್ಪನ ಎಡಮಂಡಿ ಪೂರ್ತಿ ಮಡಚುತ್ತಿರಲಿಲ್ಲ. ಸೈಕಲ್ಲು ತುಳಿಯಲು ಆಗದು. ಬಸ್ಸು ಜನ ತುಂಬಿದ ಮೇಲೆ ಹೊರಡುವಂಥದ್ದು, ಅದನ್ನು ನಂಬಿ ಹೊತ್ತಿಗೆ ಸರಿಯಾಗಿ ಹೋಗಲಾಗದು. ಕಟ್ಟಡ ಮುಗಿದ ಮರುವರ್ಷ ಕೂಲಿಯವರನ್ನೆಲ್ಲ ಊರಿಗೆ ಕಳಿಸುತ್ತಿದ್ದರು. ಉಳಿದಿದ್ದದ್ದು ಒಂದೇ ಒಂದು ಕಾಯಂ ಕೆಲಸ, ದಿನಾ ಬೆಳಿಗ್ಗೆ ಅಣೆಯ ನೀರಿನ ಮಟ್ಟ ನೋಡಿ ಪುಸ್ತಕದಲ್ಲಿ ಬರೆಯುವುದು. ಓವರ್ಸಿಯರ್ ರಾಜಗೋಪಾಲ್ ಖಡಕ್ಕಾಗಿ ಹೇಳಿದ್ದರು: ಮೂವತ್ತು ದಿನ ಏಳು ಗಂಟೆ ಸಂಗು ಊದುವುದರೊಳಗೆ ಬಂದರೆ ಕೆಲಸ ನಿನ್ನದು, ಒಂದು ದಿನ ತಪ್ಪಿದರೂ ಬೇರೆಯವನು ಕಾದಿದ್ದಾನೆ. ಸೈರನ್ನಿಗೆ ಅಲ್ಲಿ ಸಂಗು ಅನ್ನುತ್ತಿದ್ದರು. ಮೇಚೇರಿಯಿಂದ ಮೆಟ್ಟೂರಿಗೆ ಎಂಟು ಮೈಲಿ.

ಇಪ್ಪತ್ತೊಂಬತ್ತು ದಿನ ಬಡಕಲು ಮೋಟಾರು ಒಮ್ಮೆಯೂ ಕೈಕೊಡಲಿಲ್ಲ. ಆರು ಗಂಟೆಗೆ ಅದು ಬಡಬಡ ಅನ್ನುತ್ತಿದ್ದ ಹಾಗೆ ಕೇರಿಯ ಹೆಂಗಸರು ಒಲೆ ಹೊತ್ತಿಸುತ್ತಿದ್ದರು. ಸಂಜೆ ಮಾರಿಯಪ್ಪ ಚಕ್ರದ ಮಣ್ಣು ಕೆರೆದು, ತಂತಿಗಳನ್ನು ಒರೆಸಿ, ಎಲ್ಲೋ ಒಂದು ಸಣ್ಣ ಬಾಯಿಗೆ ನಾಲ್ಕು ತೊಟ್ಟು ಎಣ್ಣೆ ಬಿಟ್ಟು ಎದ್ದುಬಿಡುತ್ತಿದ್ದ. ಪಾಪಮ್ಮನಿಗೆ ಅದೊಂದು ಹಿಡಿಸುತ್ತಿರಲಿಲ್ಲ. ದಿನಾ ಹದಿನಾರು ಮೈಲಿ ಓಡುವ ಜೀವಕ್ಕೆ ನಾಲ್ಕು ತೊಟ್ಟೇ?

ಅವಳ ಮನೆಯಲ್ಲಿ ಶನಿವಾರ ಎಂದರೆ ಎಣ್ಣೆಯ ದಿನ. ಗಂಡಸರ ತಲೆಗೆ ಹರಳೆಣ್ಣೆ, ಎತ್ತಿನ ಕೊಂಬಿಗೆ ಎಣ್ಣೆ, ಗಾಡಿಯ ಅಚ್ಚಿಗೆ ಎಣ್ಣೆ, ಬಾಗಿಲ ಕೀಲಿಗೂ ಒಂದು ಬೆರಳು. ವಾರವಿಡೀ ದುಡಿದದ್ದಕ್ಕೆಲ್ಲ ಅವತ್ತು ಎಣ್ಣೆ ಕಾಣಬೇಕು. ಇಪ್ಪತ್ತೊಂಬತ್ತನೆಯ ದಿನ ಶನಿವಾರವೇ ಬಿತ್ತು. ಮಧ್ಯಾಹ್ನವೇ ಬಂದ ಮಾರಿಯಪ್ಪ ಆಗಲೇ ಮೋಟಾರು ಒರೆಸಿಟ್ಟು, ಉಂಡು ಮಲಗಿದ. ಪಾಪಮ್ಮ ಬಟ್ಟಲಲ್ಲಿ ಹರಳೆಣ್ಣೆ ಬೆಚ್ಚಗೆ ಮಾಡಿ, ಜಗಲಿಯ ಪಕ್ಕ ನಿಂತಿದ್ದ ಮೋಟಾರಿನ ನೆತ್ತಿಯಿಂದ ಬಾಲದವರೆಗೆ ಸವರಿದಳು. ತೊಗಲು ಪಟ್ಟಿ ಒಣಗಿದಂತೆ ಕಂಡಿತು. ಅದಕ್ಕೆ ಎರಡು ಸಲ ತಿಕ್ಕಿದಳು. ಉಳಿದದ್ದನ್ನೂ ಅಲ್ಲಿಗೇ ಬಳಿದಳು. ನಾಳೆ ಕೊನೆಯ ದಿನ, ಇದೂ ಒಂದಿಷ್ಟು ಸುಖಪಡಲಿ.

ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಮಾರಿಯಪ್ಪ ಒದ್ದ. ಮೋಟಾರು ಕೂಗಿತು. ಹತ್ತಿ ಕೂತ. ಇನ್ನೂ ಜೋರಾಗಿ ಕೂಗಿತು. ಹೊಗೆ ಬಂತು. ಆದರೆ ಚಕ್ರ ಅಲ್ಲಾಡಲಿಲ್ಲ.

"ಏನ್ಲಾ, ಮುಷ್ಕರ ಹೂಡ್ತಾ?" ಮುತ್ತುಸ್ವಾಮಿ ಕಂಬಳಿ ಹೊದ್ದುಕೊಂಡೇ ಬಂದ.

ಮಾರಿಯಪ್ಪ ಇಳಿದು ನೋಡಿದ. ಸಣ್ಣ ಗಾಲಿ ಗಿರಗಿರ ತಿರುಗುತ್ತಿತ್ತು. ಪಟ್ಟಿ ಅದರ ಮೇಲೆ ಜಾರುತ್ತಾ ಸುಮ್ಮನೆ ಹೊಳೆಯುತ್ತಿತ್ತು. ಅವನು ಬೆರಳಿಂದ ಮುಟ್ಟಿ ಮೂಸಿದ.

"ಯಾರು ಇದಕ್ಕೆ ಎಣ್ಣೆ ಆಕಿದ್ದು?"

ಹೊಸ್ತಿಲಲ್ಲಿ ನಿಂತಿದ್ದ ಪಾಪಮ್ಮ ಸೆರಗಿಗೆ ಕೈ ಒರೆಸಿಕೊಂಡಳು. ಮೂವತ್ತು ದಿನದಲ್ಲಿ ಒಂದೇ ಉಳಿದಿತ್ತು, ಅದನ್ನು ಅವಳ ಕೈಯೇ ಕೆಡಿಸಿತ್ತು. ಮುತ್ತುಸ್ವಾಮಿ ಅವಳ ಕಡೆ ನೋಡಿದ. ಏನೋ ತಿಳಿದವನಂತೆ, "ನಾನೇ ಅಂದ್ಕೋ ಬಿಡು, ಈಗ ಅದು ಯಾಕೆ?" ಅಂದ.

"ನೀನಲ್ಲ, ನಾನು," ಅಂದಳು ಪಾಪಮ್ಮ. "ಶನಿವಾರ ಅಲ್ವಾ... ಪಾಪ ದಿನಾ ಓಡ್ತದೆ ಅಂತ..."

ಮಾರಿಯಪ್ಪ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಅವನು ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಪಟ್ಟಿ ಒರೆಸಿದ, ಮತ್ತೆ ಒದ್ದ, ಮತ್ತೆ ಜಾರಿತು. ಇನ್ನೊಮ್ಮೆ ಒರೆಸಿದ. "ತೊಗಲು ಕುಡಿದುಬಿಟ್ಟೈತೆ ಅವ್ವಾ. ಇನ್ನು ಬರಲ್ಲ ಇದು," ಅಂದು ಮಂಡಿ ಹಿಡಿದುಕೊಂಡು ಜಗಲಿ ಮೇಲೆ ಕೂತುಬಿಟ್ಟ. ಕಿಸೆಯ ಗಡಿಯಾರ ತೆಗೆದು ನೋಡಿ, ಮತ್ತೆ ಒಳಗೆ ಹಾಕಿಕೊಂಡ.

ಅವನ ಎಣ್ಣೆ ಹತ್ತಿದ ಕೈಯನ್ನು ನೋಡುತ್ತಿದ್ದ ಪಾಪಮ್ಮನಿಗೆ ತಟ್ಟನೆ ಅನ್ನಿಸಿತು. ಇಪ್ಪತ್ತಾರು ವರ್ಷ ಇವನ ತಲೆಗೆ ಹರಳೆಣ್ಣೆ ಬಡಿದಿದ್ದೇನೆ. ಬಡಿದದ್ದನ್ನು ತೆಗೆದೂ ಇದ್ದೇನಲ್ಲ!

"ಏಳ್ಲಾ ಮೇಲೆ! ಆ ಪಟ್ಟಿ ಬಿಚ್ಚು!"

ಒಳಗೆ ಓಡಿದಳು. ಸೀಗೆಯ ಹಾಗೆ ತಲೆಗೆ ತಿಕ್ಕುವ ಅರಪ್ಪು ಪುಡಿಯ ಡಬ್ಬ ತಂದಳು. ಒಲೆಯ ಮೇಲಿನ ಬಿಸಿನೀರಲ್ಲಿ ಕಲಸಿ, ಪಟ್ಟಿಯನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಚಾಚಿ, ಶನಿವಾರದ ಹುಡುಗನ ತಲೆಯ ಹಾಗೆ ಗಸಗಸ ತಿಕ್ಕಿದಳು. ಹಸಿರು ನೊರೆಯ ಜೊತೆ ಎಣ್ಣೆ ಇಳಿಯಿತು. ನೀರು ಸುರಿದು ಇನ್ನೊಂದು ಕೈ ತಿಕ್ಕಿದಳು. ಮಾರಿಯಪ್ಪ ಪಟ್ಟಿ ಕೂರುವ ಗಾಲಿಯ ಕೊರಕಲನ್ನು ಕಡ್ಡಿಗೆ ಬಟ್ಟೆ ಸುತ್ತಿ ಒರೆಸಿದ.

"ಒದ್ದೆ ಆದ್ರೂ ಜಾರ್ತದೆ ಅತ್ತಿಗೆ," ಅಂದ ಮುತ್ತುಸ್ವಾಮಿ.

"ಹಾಗಾದ್ರೆ ನಿಂತ್ಕೊಂಡು ಏನ್ ನೋಡ್ತೀ? ಒಲೆ ಬೂದಿ ತಾ!"

ಅವನು ಕಂಬಳಿ ಬಿಸಾಡಿ ಓಡಿದ. ಬೆಚ್ಚನೆಯ ಬೂದಿಯಲ್ಲಿ ಪಟ್ಟಿಯನ್ನು ಹೊರಳಿಸಿ, ಕೊಡವಿ, ಒಣಬಟ್ಟೆಯಲ್ಲಿ ಎಳೆದೆಳೆದು ತಿಕ್ಕಿದರು. ಮತ್ತೆ ಬೂದಿ, ಮತ್ತೆ ಬಟ್ಟೆ. ಮೂವರ ಮೂಗು, ಮೀಸೆ, ಮುಂಗೂದಲೆಲ್ಲ ಬಿಳಿ. ಕೊನೆಗೆ ಪಾಪಮ್ಮ ಪಟ್ಟಿಯನ್ನು ಕೆನ್ನೆಗೆ ಒತ್ತಿ ನೋಡಿದಳು. ಒಣಗಿತ್ತು, ಒರಟಾಗಿತ್ತು.

ಕಟ್ಟಿ ಬಿಗಿದು ಒದ್ದ. ಮೋಟಾರು ಒಂದು ಸಲ ಕೆಮ್ಮಿ, ಜಾರದೆ, ಅವನನ್ನು ಹೊತ್ತುಕೊಂಡು ಮುಂದಕ್ಕೆ ಹಾರಿತು. ಕೋಳಿಗಳು ಚೆಲ್ಲಾಪಿಲ್ಲಿಯಾದವು. ಹೊರಟಾಗ ಗಂಟೆ ಎಷ್ಟಾಗಿತ್ತು ಅಂತ ಕೇಳುವ ಧೈರ್ಯ ಪಾಪಮ್ಮನಿಗೆ ಇರಲಿಲ್ಲ.

ಅವತ್ತು ಅವಳು ಕುರಿ ಹಟ್ಟಿಯನ್ನು ಎರಡು ಸಲ ಗುಡಿಸಿದಳು. ಗಂಜಿ ಕುಡಿ ಅಂದರೆ ಕುಡಿಯಲಿಲ್ಲ. "ಎಂಟು ಮೈಲಿ ಅತ್ತಿಗೆ, ಅದಕ್ಕೆ ಎಷ್ಟು ಹೊತ್ತು?" ಅಂದ ಮುತ್ತುಸ್ವಾಮಿ. "ನಡುವೆ ಮತ್ತೆ ಜಾರಿದ್ರೆ?" ಅಂದಳು ಅವಳು. ಅವನು ಎದ್ದು ಬೀದಿಯ ಕೊನೆಯವರೆಗೆ ಹೋಗಿ ನೋಡಿ ಬಂದ.

ಹೊತ್ತು ನೆತ್ತಿಯಿಂದ ಇಳಿದ ಮೇಲೆ ಬಡಬಡ ಸದ್ದು ಕೇಳಿತು. ಪಾಪಮ್ಮ ಹೊರಗೆ ಬರಲಿಲ್ಲ. ಕಂಬ ಹಿಡಿದು ಒಳಗೇ ನಿಂತಳು. ಮಗ ಕುಂಟುತ್ತಾ ಬಂದು ಬಾಗಿಲಲ್ಲಿ ನಿಂತ.

"ಅವ್ವಾ, ನೀರಿನ ಮಟ್ಟ ನೋಡೋಕೆ ಅಣೆ ಮೆಟ್ಟಿಲು ಇಳೀತಾ ಇದ್ದೆ, ಮೇಲೆ ಸಂಗು ಊದ್ತು."

"ಅಂದ್ರೆ? ಆಯ್ತಾ, ಇಲ್ವಾ? ಸರಿಯಾಗಿ ಹೇಳ್ಲಾ!"

"ಆಯ್ತು ಅವ್ವಾ, ಗೇಟು ದಾಟಿದ ಮೇಲೇ ಊದಿದ್ದು. ಓವರ್ಸಿಯರ್ ನನ್ನ ಮೂಸಿ ನೋಡಿ, 'ಎನ್ನಡಾ, ಅರಪ್ಪು ವಾಸನೆ? ಭಾನುವಾರ ಎಣ್ಣೆಸ್ನಾನಾನಾ?' ಅಂದ್ರು. ಇಲ್ಲ ಸಾರ್, ನನಗಲ್ಲ, ಮೋಟಾರಿಗೆ ಅಂದೆ. ನಕ್ಕು ನಕ್ಕು ಅವರ ಕನ್ನಡಕ ಬಿತ್ತು. ನಕ್ಕೊಂಡೇ ಪುಸ್ತಕದಲ್ಲಿ ನನ್ನ ಹೆಸರು ಬರ್ಕೊಂಡ್ರು. ಕಾಯಂ."

ಪಾಪಮ್ಮ ಕಂಬ ಬಿಟ್ಟು ನೆಲಕ್ಕೆ ಕೂತಳು. ಅಳುವೋ ನಗುವೋ ಅವಳಿಗೇ ತಿಳಿಯಲಿಲ್ಲ, ಸೆರಗು ಬಾಯಿಗೆ ಅಡ್ಡ ಬಂತು.

"ಅತ್ತಿಗೆ, ಮುಂದಿನ ಶನಿವಾರ ಅದಕ್ಕೆ ಜಡೇನೂ ಹೆಣೀತೀಯಾ?" ಹೊರಗಿಂದ ಮುತ್ತುಸ್ವಾಮಿಯ ದನಿ.

"ಬಾಯಿ ಮುಚ್ಚು. ನಿನಗೇ ಹೆಣೀತೀನಿ," ಅಂದಳು ಅವಳು. ಆಮೇಲೆ ಮಗನ ಕಡೆ ತಿರುಗಿ, "ಎಲ್ಲಿ ಎಣ್ಣೆ ಆಕ್ಬೇಕು, ಎಲ್ಲಿ ಆಕ್ಬಾರ್ದು, ಒಂದು ಸಲ ಬೆರಳಿಟ್ಟು ತೋರ್ಸು ನನಗೆ. ಆಮೇಲೆ ತೋರ್ಸೀಯಂತೆ. ಮೊದಲು ಆ ಗಂಜಿ ಈ ಕಡೆ ತಳ್ಳು. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಇಲ್ಲ ನನಗೆ."