ನಂಬರಿಲ್ಲದ ಕಲ್ಲು

ನನ್ನ ಗಂಡ ಸತ್ತಿಲ್ಲ ಎಂದು ಒಂದು ವರ್ಷ ಊರಿಗೆ ಊರೇ ಎದುರಾದರೂ ವಾದಿಸಿದವಳು ನಾನು. ತೊರಗಲ್ಲಿನಲ್ಲಿ ನನ್ನ ಬಾಯಿಗೆ ಹೆದರದವರು ಕಡಿಮೆ. ಆದರೂ ನಾನು ನೀರಿಗೆ ಹೋದರೆ ಹೆಂಗಸರು ನನ್ನ ಹಣೆಯ ಕುಂಕುಮ ನೋಡಿ ಮಾತು ನಿಲ್ಲಿಸುತ್ತಿದ್ದರು. ನೋಡಲಿ ಎಂದು ಇನ್ನಷ್ಟು ದೊಡ್ಡದಾಗಿ ಇಟ್ಟುಕೊಳ್ಳುತ್ತಿದ್ದೆ.

ಅವರು, ಬಾಳಕೃಷ್ಣ, ಭೂಗರ್ಭ ಇಲಾಖೆಯಲ್ಲಿದ್ದರು. ಬೆಟ್ಟದ ಹೊಟ್ಟೆಯಲ್ಲಿ ಏನಿದೆ ಎಂದು ಹುಡುಕುವ ಕೆಲಸ. ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಕಾರಾಕೋರಂ ಬೆಟ್ಟಗಳಿಗೆ, ದೇಶದ ಗಡಿಗೇ ಕಳಿಸಿದರು. ಅಲ್ಲಿ ಮರವಿಲ್ಲ, ಊರಿಲ್ಲ, ಬರೀ ಹಿಮ ಮತ್ತು ಕಲ್ಲು ಎಂದು ಹಬ್ಬಕ್ಕೆ ಹೊರಟವರ ಹಾಗೆ ಹೇಳಿ ಹೋದರು. ಮದುವೆಯ ಹೊಸದರಲ್ಲಿ ಕೋಟೆ ತೋರಿಸುತ್ತೇನೆಂದು ಕರೆದುಕೊಂಡು ಹೋಗಿ, ಕೋಟೆ ಬಿಟ್ಟು ಕಾಲಡಿಯ ಕಲ್ಲು ನೋಡುತ್ತ ಕುಳಿತ ಮಹಾಶಯರು! ಆರಿಸಿ ತಂದ ಕಲ್ಲಿಗೆ ಬಿಳಿ ಬಣ್ಣದ ಬೊಟ್ಟಿಟ್ಟು, ಅದರ ಮೇಲೆ ನಂಬರು ಬರೆಯುವ ತನಕ ಊಟಕ್ಕೆ ಏಳುತ್ತಿರಲಿಲ್ಲ. ತಾಟಿನಲ್ಲಿ ಅನ್ನ ಆರಿಹೋಗುತ್ತಿತ್ತು.

"ನನಗೂ ಒಂದು ನಂಬರ ಹಾಕಿಬಿಡ್ರಿ. ಆವಾಗರೆ ನನ್ನ ಕಡೆ ನೋಡ್ತೀರೇನೋ," ಎಂದು ಒಮ್ಮೆ ಕೆಣಕಿದ್ದೆ.

"ನಂಬರ ಇಲ್ಲದ ಕಲ್ಲು ಅನಾಥ ಆಗ್ತದ ಲೀಲಾ. ಯಾವ ಗುಡ್ಡದ್ದು ಅಂತ ಯಾರಿಗೂ ಗೊತ್ತಾಗೂದಿಲ್ಲ," ಎಂದರು. ನಗಲಿಲ್ಲ.

ಸೆಪ್ಟೆಂಬರಿನಲ್ಲಿ ತಂತಿ ಬಂತು, ಕಾಣೆಯಾಗಿದ್ದಾರೆ ಎಂದಷ್ಟೇ. ಹುಡುಕಿದರು, ದೇಹ ಸಿಗಲಿಲ್ಲ. ಗಡಿಯ ಗೆರೆ ಆ ಹಿಮದಲ್ಲಿ ಯಾರಿಗೆ ಕಾಣುತ್ತದೆ? ದಾರಿ ತಪ್ಪಿ ಆಚೆ ಹೋಗಿದ್ದಾರೆ, ಆ ಕಡೆಯವರು ಹಿಡಿದಿಟ್ಟಿದ್ದಾರೆ, ಇಂದಲ್ಲ ನಾಳೆ ಬಿಡುತ್ತಾರೆ ಎಂದು ನಂಬಿ ಕುಳಿತೆ.

ಮಾವನವರು, ವೆಂಕಣ್ಣನವರು, ನಂಬಲಿಲ್ಲ. "ಕ್ರಿಯಾ ಆಗಲಿಲ್ಲಂದ್ರ ಅಂವಾ ನೀರಡಿಸಿ ತಿರಗ್ತಿರ್ತಾನವಾ. ನಾ ಇರೂತನಕಾರೆ ಮಾಡಿ ಮುಗಸ್ತೀನಿ," ಎನ್ನುತ್ತಿದ್ದರು. ಸತ್ತವರ ಹೆಸರಿನಲ್ಲಿ ಒಂದು ಕಲ್ಲಿಟ್ಟು ಹತ್ತು ದಿನ ಅದಕ್ಕೆ ಎಳ್ಳು ಬೆರೆಸಿದ ನೀರೆರೆಯುವುದು ನಮ್ಮಲ್ಲಿಯ ಪದ್ಧತಿ. ಆ ಕಲ್ಲಿಗೆ ಅಶ್ಮ ಎನ್ನುತ್ತಾರೆ.

"ನೀವು ಕಲ್ಲಿಗೆ ನೀರು ಹಾಕಿದ ದಿನಾ ನಾ ಈ ಮನಿ ಬಿಡ್ತೀನಿ," ಎಂದೆ. ಆ ಮುದುಕರು ತೆರೆದಿದ್ದ ಪಂಚಾಂಗವನ್ನು ಮಡಚಿಟ್ಟರು.

ಮರುವರ್ಷ ಶ್ರಾವಣದಲ್ಲಿ ಸೋಮಪ್ಪನವರು ಬಂದರು. ಹತ್ತಿರದ ಕಟಕೋಳದವರು, ನನ್ನ ಗಂಡನ ಜೊತೆಗೇ ಆ ಬೆಟ್ಟಕ್ಕೆ ಹೋಗಿದ್ದ ಸರ್ವೇದಾರರು. ಹಿಮಕ್ಕೆ ಕಾಲ್ಬೆರಳು ಕೊಳೆತು, ಕತ್ತರಿಸಿ, ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರಂತೆ. ಕುಂಟುತ್ತ ಬಂದು ಕೂತವರಿಗೆ ನೀರನ್ನೂ ಕೊಡದೆ ಕೇಳಿದೆ: "ಕಣ್ಣಾರೆ ನೋಡೀರೇನು?"

"ಇಲ್ರಿ ವೈನ್ಯಾರ. ಮಂಜು ಇತ್ತು. ಅವರು ಮುಂದ ತಿರುವು ದಾಟಿ ಹ್ವಾದ್ರು. ಆಮ್ಯಾಲ ದೊಡ್ಡ ಸಪ್ಪಳಾತು. ಮಂಜು ಸರದ ಮ್ಯಾಲ ನೋಡಿದ್ರ ಅವರೂ ಇಲ್ಲ, ದಾರೀನೂ ಇಲ್ಲ."

ನೋಡಿಲ್ಲ! ಗೆದ್ದವಳಂತೆ ಮಾವನವರ ಕಡೆ ತಿರುಗಿದೆ.

ಸೋಮಪ್ಪನವರು ಚೀಲದಿಂದ ಟಾವೆಲ್ಲಿನಲ್ಲಿ ಸುತ್ತಿದ್ದ ಒಂದು ಕಲ್ಲು ತೆಗೆದರು. ಹಸಿರುಗಪ್ಪು, ಮುಷ್ಟಿಯಷ್ಟು. "ಉಳಿದದ್ದೆಲ್ಲಾ ಇಲಾಖೆಗೆ ಕೊಟ್ಟೇನಿ. ಇದನ್ನ ಕೊಡಾಕ ಮನಸ್ಸಾಗಲಿಲ್ಲ."

ತಿರುಗಿಸಿ ನೋಡಿದೆ. ಎಲ್ಲೂ ಬಿಳಿ ಬೊಟ್ಟಿಲ್ಲ.

"ನಂಬರ ಎಲ್ಲೆ?"

"ಹಾಕಿಲ್ರಿ. 'ಸೋಮಪ್ಪಾ, ಇದನ್ನ ಕೈಯಾಗ ಹಿಡಕೊಂಡಿರು, ಚೀಲದಾಗ ಹಾಕಬ್ಯಾಡ. ಮುಂದಿನ ದಾರಿ ನೋಡಿ ಬಂದು ನಂಬರ ಹಾಕ್ತೀನಿ' ಅಂದ್ರು. ಹಿಡಕೊಂಡು ನಿಂತೆ. ಕತ್ತಲಾಗೂತನಕ ಅಲ್ಲೇ ನಿಂತಿದ್ನಿರಿ."

ನನ್ನ ವಾದ ಅಲ್ಲಿಗೆ ಮುಗಿಯಿತು. ಆ ಮನುಷ್ಯ ನನ್ನನ್ನು ಮರೆತಾರು, ಹೆತ್ತ ತಂದೆಯನ್ನು ಮರೆತಾರು. ನಂಬರು ಹಾಕದ ಕಲ್ಲನ್ನು ಇನ್ನೊಬ್ಬರ ಕೈಯಲ್ಲಿ ಬಿಟ್ಟು ಎಲ್ಲಿಗೋ ನಡೆದುಹೋಗುವವರಲ್ಲ. ಆ ಕಲ್ಲನ್ನು ಮಡಿಲಲ್ಲಿಟ್ಟುಕೊಂಡು, ಒಂದು ವರ್ಷ ಅಳದೆ ಉಳಿಸಿದ್ದನ್ನೆಲ್ಲ ಅತ್ತೆ. ಸೋಮಪ್ಪನವರೂ ಅತ್ತರು.

ಆಮೇಲೆ ಕೇಳಿದೆ: "ಅದಕ್ಕಿಂತ ಮೊದಲಿನ ಕಲ್ಲಿನ ನಂಬರ ಏನಿತ್ತು?"

"ಅರವತ್ತೆಂಟ್ರಿ."

ಕ್ರಿಯೆಗೆ ದಿನ ಗೊತ್ತಾಯಿತು. ಹೆಂಗಸರು ನದಿಗೆ ಬರಬಾರದು ಎಂದರು ಊರವರು. ನಾನು ಯಾವತ್ತು ಅವರ ಮಾತು ಕೇಳಿದ್ದೆ? ಹೊರಡುವ ಮೊದಲು ಯಾರ ಕೈಗೂ ಕೊಡದೆ ಹಣೆಯ ಕುಂಕುಮವನ್ನು ನಾನೇ ಒರೆಸಿಕೊಂಡೆ. ಮಲಪ್ರಭೆಯ ದಂಡೆಯಲ್ಲಿ ದಿಗಂಬರ ಭಟ್ಟರು ಅಶ್ಮಕ್ಕೊಂದು ಕಲ್ಲು ಆರಿಸಲು ಬಗ್ಗಿದಾಗ ಸೆರಗಿನಿಂದ ನನ್ನ ಕಲ್ಲು ತೆಗೆದುಕೊಟ್ಟೆ. ಗಂಡನ ಟ್ರಂಕಿನಲ್ಲಿದ್ದ ಬಣ್ಣದಿಂದ ಬೊಟ್ಟಿಟ್ಟು, ಅರವತ್ತೊಂಬತ್ತು ಎಂದು ಬರೆದಿದ್ದೆ. ಅಂಕಿ ಸೊಟ್ಟಗಾಗಿತ್ತು.

"ಅಶ್ಮಕ್ಕ ಹೀಂಗ ಬಣ್ಣಾ ಹಚ್ಚಬಾರದವಾ," ಎಂದರು ಭಟ್ಟರು.

"ಇರಲಿ ಬಿಡ್ರಿ," ಎಂದು ಮಾವನವರು ಕಲ್ಲನ್ನು ಇಸಿದುಕೊಂಡರು. ನಂಬರನ್ನು ಹೆಬ್ಬೆರಳಿನಿಂದ ಸವರಿ, ದರ್ಭೆಯ ಮೇಲಿಟ್ಟು, ನೀರೆರೆದರು. ಆಮೇಲೆ ಪಿಂಡದ ಅನ್ನವನ್ನು ಅದರ ಮುಂದೆ ಸರಿಸಿದರು.

"ನಂಬರ ಹಾಕ್ಯದ ನೋಡೋ ಬಾಳ್ಯಾ," ಎಂದರು. "ಇನ್ನರೆ ಊಟಕ್ಕ ಏಳು."